ಅಳ್ನಾವರದ ಪ್ಲಾಟ್‌ಫಾರ್ಮಿನ ಮೇಲೆ ಖಾತುನಬಿ

ಗಂಡ ಸಿರಾಜುದ್ದೀನ ಊರು ಬಿಟ್ಟ ದಿನ ಮಿಶ್ರಿಕೋಟಿಯ ಖಾತುನಬಿ ಅವನನ್ನು ಕಳಿಸಲು ಹೋಗಲಿಲ್ಲ. ಹೆರಿಗೆಯಾಗಿ ಹದಿನೆಂಟು ದಿನವಾಗಿತ್ತು. ನಲವತ್ತು ದಿನ ತುಂಬುವವರೆಗೆ ಬಾಣಂತಿ ಹೊಸ್ತಿಲು ದಾಟುವಂತಿರಲಿಲ್ಲ. ಅವನು ಗೋವಾದ ಬಂದರಿನಲ್ಲಿ ದುಡಿಯಲು ಹೊರಟಿದ್ದ. ಅಳ್ನಾವರದ ಪ್ಲಾಟ್‌ಫಾರ್ಮಿನಲ್ಲಿ ಗೆಳೆಯನೊಬ್ಬ ಅವನದೊಂದು ಫೋಟೊ ತೆಗೆದ. ನಾಲ್ಕು ತಿಂಗಳಿಗೆ ಸಿರಾಜುದ್ದೀನ ಗೋವಾದಲ್ಲಿ ಜ್ವರ ಬಂದು ಸತ್ತ. ಮಣ್ಣು ಮಾಡಿದ್ದೂ ಅಲ್ಲೇ. ಮನೆಗೆ ಬಂದದ್ದು ಒಂದು ಚೀಲ ಮತ್ತು ಆ ಫೋಟೊ.

ಮೂವತ್ತಮೂರು ವರ್ಷ ಖಾತುನಬಿ ಎಮ್ಮೆ ಸಾಕಿದಳು, ಹಾಲು ಮಾರಿದಳು, ಮಗಳನ್ನು ಓದಿಸಿದಳು. ಅತ್ತದ್ದನ್ನು ಯಾರೂ ನೋಡಲಿಲ್ಲ. ಒಂದು ಮಾತು ಮಾತ್ರ ಆಗಾಗ ಬರುತ್ತಿತ್ತು: "ಟೇಶನ್ ತನಕ ಹೋಗಬೇಕಾಗಿತ್ತು."

ಮಗಳು ನಾಜಮೀನ್ ಕಲಘಟಗಿಯಲ್ಲಿ ಗೌರೀಶನ ಫೋಟೊ ಸ್ಟುಡಿಯೊದಲ್ಲಿ ಕೆಲಸಕ್ಕಿದ್ದಾಳೆ. ಕಳೆದ ವರ್ಷ ಕಂಪ್ಯೂಟರಿನಲ್ಲಿ ಎರಡು ಚಿತ್ರಗಳನ್ನು ಒಂದಾಗಿ ಬೆರೆಸಲು ಕಲಿಯತೊಡಗಿದಳು. ಒಂದು ಪದರದ ಮೇಲೆ ಇನ್ನೊಂದನ್ನು ಇಡುವುದು ಸುಲಭ. ಅಂಚು ಕಾಣದಂತೆ ಮಾಡುವುದು ಕಷ್ಟ. ಮೊದಲು ಅವಳು ಸೇರಿಸಿದವರೆಲ್ಲ ಗೋಡೆಗೆ ಹಚ್ಚಿದ ಚುನಾವಣೆಯ ಪೋಸ್ಟರಿನಂತೆ ಕಂಡರು. ಕೂದಲಿನ ಎಳೆ ಬಿಡಿಸಲು ಎರಡು ತಿಂಗಳು ಹಿಡಿಯಿತು. ನೆರಳು ಪಾದಕ್ಕೆ ಅಂಟಿಕೊಂಡಿರಬೇಕೆಂದು ತಿಳಿಯಲು ಇನ್ನೊಂದು.

ಕೈ ಕುದುರಿದ ಮೇಲೆ ಒಂದು ಸಂಜೆ ತಾಯಿಯನ್ನು ಅಂಗಳದಲ್ಲಿ ನಿಲ್ಲಿಸಿ ಫೋಟೊ ತೆಗೆದು ಪ್ಲಾಟ್‌ಫಾರ್ಮಿನ ಆ ಚಿತ್ರದಲ್ಲಿ ತಂದೆಯ ಪಕ್ಕ ಸೇರಿಸಿದಳು. ಅವನ ಮೇಲೆ ಬಿಸಿಲು ಎಡದಿಂದ ಬಿದ್ದಿತ್ತು, ಇವಳ ಮೇಲೆ ಬಲದಿಂದ. ತಾಯಿಯ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುವಿದಳು. ಬೆಳಕು ಹೊಂದಿತು. ಪ್ರಿಂಟ್ ತೆಗೆದು ಮನೆಗೆ ತಂದಳು.

"ಬಾಜು ಮನಿ ಕಸ್ತೂರೆವ್ವನ್ನ ಯಾಕ ನಿಂದರಿಸೀಯಲೇ ನಿಮ್ಮಪ್ಪನ ಹತ್ರ?" ಎಂದಳು ಖಾತುನಬಿ.

"ನೀನ ಅಮ್ಮಾ. ಮಾರಿ ನೋಡಬೇ."

"ಮಾರಿ ನಂದು. ಸೆರಗ ಬಲಕ್ಕೈತಲ್ಲ! ಬಲಸೆರಗ ಹೊದಿಯೂದು ಅಕಿ. ಹಿಂಗ ನಿಂತ್ರ ನಿಮ್ಮಪ್ಪ ನನ್ನ ಗುರ್ತಾ ಹಿಡಿಯಂಗಿಲ್ಲ."

ಮರುದಿನ ಮುಂಜಾನೆಯ ಬಿಸಿಲಿಗೆ ಮತ್ತೆ ನಿಲ್ಲಿಸಿದಳು. ಈ ಸಲ ತಿರುವಲಿಲ್ಲ. ಸುಕ್ಕು ತೆಗೆಯಲೇ ಎಂದು ಕೇಳಿದ್ದಕ್ಕೆ, "ನಾ ಏನ್ ಮದಲಗಿತ್ತಿ ಏನ್?" ಎಂದು ಬೈಸಿಕೊಂಡಳು. ಇಪ್ಪತ್ತಾರರ ಗಂಡನ ಪಕ್ಕ ಐವತ್ತಾರರ ಹೆಂಡತಿ ನಿಂತಳು. ಸೆರಗು ಎಡಕ್ಕಿತ್ತು, ನೆರಳುಗಳು ಒಂದೇ ಕಡೆ ಬಿದ್ದಿದ್ದವು.

ಖಾತುನಬಿ ಬಹಳ ಹೊತ್ತು ನೋಡಿದಳು.

"ಅಂವಾ ಗಾಡಿ ಬರೂ ಕಡಿ ನೋಡಾಕತ್ತಾನ. ಈ ಕಡಿ ತಿರಗಸಾಕ ಬರತೈತೇನು?"

ಈಗಿನ ಯಂತ್ರ ಇಲ್ಲದ ಮುಖವನ್ನೂ ಹುಟ್ಟಿಸಿಕೊಡುತ್ತದೆ ಎಂದು ಗೌರೀಶ ಹೇಳಿದ್ದ. ನಾಜಮೀನ್ ಅದನ್ನು ತಾಯಿಗೆ ಹೇಳಿ, "ಆದ್ರ ಅದು ಅಪ್ಪ ಆಗಂಗಿಲ್ಲಬೇ" ಎಂದಳು.

"ಹಂಗಾರ ಅಂವನ್ನ ಬಿಡು. ನಂದ ಇನ್ನೊಮ್ಮೆ ತೆಗಿ. ನಾ ಅಂವನ ಕಡಿ ನೋಡ್ತೇನಿ."

ಮತ್ತೆ ಮುಂಜಾನೆ, ಅದೇ ಅಂಗಳ. ಖಾತುನಬಿ ಪಕ್ಕಕ್ಕೆ ತಿರುಗಿ ನಿಂತಳು. ಅಲ್ಲಿ ಎಮ್ಮೆ ಕಟ್ಟುವ ಗೂಟವೊಂದೇ ಇತ್ತು. ದೃಷ್ಟಿ ಕೆಳಗಾದರೆ ಚಿತ್ರದಲ್ಲಿ ಅವಳು ಅವನ ಅಂಗಿಯ ಗುಂಡಿ ನೋಡಿದಂತಾಗುತ್ತದೆ. ಹುಟ್ಟಿ ಹದಿನೆಂಟು ದಿನಕ್ಕೆ ತಂದೆ ಹೋದದ್ದರಿಂದ ಮಗಳಿಗೆ ಅಳತೆ ಗೊತ್ತಿರಲಿಲ್ಲ.

"ಅಪ್ಪ ಎಷ್ಟ ಎತ್ತರ ಇದ್ದ ಅಮ್ಮಾ?"

ಖಾತುನಬಿ ಯೋಚಿಸಲಿಲ್ಲ. ಕೈಯೆತ್ತಿ ತನ್ನ ತಲೆಗಿಂತ ಒಂದು ಗೇಣು ಮೇಲೆ, ಗಾಳಿಯಲ್ಲಿ, ಅಂಗೈ ನಿಲ್ಲಿಸಿದಳು. "ಇಷ್ಟ."

ಕೈ ಇಳಿಸಿದಳು. ಕಣ್ಣು ಅಲ್ಲೇ ಇತ್ತು. ನಾಜಮೀನ್ ಫೋಟೊ ತೆಗೆದಳು.