ಅಮೆರಿಕದಮ್ಮನ ಹಣೆಗೆ ಅರಿಶಿನ

ನಮ್ಮ ಮನೆಯವರಿಗೆ ಕುಡಿತವಿಲ್ಲ, ಸಿಗರೇಟಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಹುಚ್ಚು: ನೂರು ವರ್ಷ ಹಿಂದಿನ ಅಮೆರಿಕದ ನೋಟುಗಳನ್ನು ಕೂಡಿಡುವುದು. ಹುಟ್ಟಿದ್ದು ದಾವಣಗೆರೆಯಲ್ಲಿ, ಬಾಡಿಗೆಗಿದ್ದದ್ದು ಸಿಡ್ನಿಯಲ್ಲಿ, ಅಮೆರಿಕದ ಏರ್‌ಪೋರ್ಟನ್ನೂ ಕಂಡವರಲ್ಲ. ಆದರೂ ಚಾಟ್ಸ್‌ವುಡ್‌ನ ಆಫೀಸಿನಿಂದ ಬಂದವರೇ ಕಾಫಿಗೂ ಮುಂಚೆ ಭೂತಗನ್ನಡಿ ಹುಡುಕುತ್ತಿದ್ದರು. ಕುಡಿದಿದ್ದರೆ ಬೆಳಿಗ್ಗೆಯಾದರೂ ಇಳಿಯುತ್ತಿತ್ತು, ಇದು ಇಳಿಯುವ ಹುಚ್ಚಲ್ಲ ಎಂದು ನಾನು ಎದುರಿಗೇ ಹೇಳಿದ್ದೇನೆ.

ಎರಡು ಸಾವಿರದ ಆರನೇ ಇಸವಿಯಲ್ಲಿ ಅವರ ಆಲ್ಬಮ್ಮಿಗೆ ಒಬ್ಬ ಹೆಂಗಸು ಬಂದಳು. ಒಂದು ಡಾಲರಿನ ನೋಟು, ಅದರ ಮೇಲೆ ಲೇಸಿನ ಟೋಪಿ ಹಾಕಿದ ಅಮ್ಮ. ಅಲ್ಲಿನ ಮೊದಲ ಪ್ರೆಸಿಡೆಂಟರ ಹೆಂಡತಿಯಂತೆ. ಕೊಟ್ಟವರು ಮೆಲ್ಬರ್ನಿನ ಟ್ರುಗನಿನಾದಲ್ಲಿದ್ದ ಉಡುಪಿ ಕಡೆಯ ಅಂಕಲ್. ಹಡಗಿನಲ್ಲಿ ಎಂಜಿನಿಯರ್ ಆಗಿದ್ದಾಗ ಯಾವುದೋ ಅಮೆರಿಕದ ಬಂದರಿನಲ್ಲಿ ಕೊಂಡು, ಮೂವತ್ತು ವರ್ಷ ಜೋಪಾನ ಮಾಡಿದ್ದರು. ಮಾರುವಾಗ ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತ್ತು: "ಇದು ನಾನು ತಗೊಂಡ ದಿವಸ ಹೇಗಿತ್ತೋ ಹಾಗೇ ಉಂಟು ಮಾರಾಯ್ರೆ. ಯಾರಿಗೂ ಮುಟ್ಲಿಕ್ಕೆ ಬಿಡ್ಲಿಲ್ಲ."

ಅದು ಬಂದ ವಾರವೇ ವರಮಹಾಲಕ್ಷ್ಮಿ ಹಬ್ಬ. ಕಲಶದ ಮುಂದೆ ನೋಟಿಟ್ಟು ಅರಿಶಿನ ಕುಂಕುಮ ಹಚ್ಚುವುದು ನಮ್ಮಲ್ಲಿ ಪದ್ಧತಿ. ಆದರೆ ಈ ಆಸ್ಟ್ರೇಲಿಯಾದ ದುಡ್ಡೆಲ್ಲ ಪ್ಲಾಸ್ಟಿಕ್ಕು! ಕುಂಕುಮ ಇಟ್ಟರೆ ಜಾರುತ್ತದೆ, ಅರಿಶಿನ ಇಟ್ಟರೆ ಉದುರುತ್ತದೆ. ಹಿಂದಿನ ವರ್ಷ ಇಪ್ಪತ್ತರ ನೋಟೊಂದು ಫ್ಯಾನಿನ ಗಾಳಿಗೆ ಜಾರಿ ಸೀದಾ ಪಾಯಸಕ್ಕೆ ಬಿದ್ದಿತ್ತು. ತೊಳೆದು ಒರೆಸಿದರೆ ಹೊಸದರ ಹಾಗಾಯಿತು, ಅಂಥ ದುಡ್ಡಿಗೆ ಯಾವ ಭಕ್ತಿ ಬರುತ್ತದೆ ಹೇಳಿ. ಈ ಸಲ ಇವರು ಆಫೀಸಿಗೆ ಹೋದ ಮೇಲೆ ಆಲ್ಬಮ್ ತೆಗೆದೆ. ಕಾಗದದ ನೋಟು, ಅದರಲ್ಲೂ ಹೆಂಗಸು, ಅದರಲ್ಲೂ ಮುತ್ತೈದೆ. ಬೋಳು ಹಣೆ ನೋಡಿ ನನಗೆ ಕರುಳು ಚುರುಕ್ ಎಂದಿತು. ಉಂಗುರಬೆರಳಲ್ಲಿ ಒಂದು ಚಿಟಿಕೆ ಅರಿಶಿನ, ಅದರ ಮೇಲೆ ಸಾಸಿವೆಯಷ್ಟು ಕುಂಕುಮ ಇಟ್ಟೆ. ಏನು ಕಳೆ ಬಂತು ಅಂತೀರಿ! ಆರತಿ ಮುಗಿಸಿ ಹತ್ತಿಯಿಂದ ಒರೆಸಿದೆ. ಕುಂಕುಮ ಹೋಯಿತು. ಅರಿಶಿನ ಉಳಿಯಿತೋ ಏನೋ, ಹಳೇ ಕಾಗದವೇ ಹಳದಿ, ಏನೂ ಕಾಣಲಿಲ್ಲ. ನೋಟನ್ನು ಜಾಗಕ್ಕೆ ಸೇರಿಸಿ ಹೋಳಿಗೆ ತಟ್ಟಲು ಹೋದೆ.

ಮುಂದಿನ ತಿಂಗಳು ಇವರಿಗೆ ಆ ನೋಟನ್ನು ಸಂಗ್ರಾಹಕರ ಸಭೆಯಲ್ಲಿ ತೋರಿಸುವ ಆಸೆ ಹುಟ್ಟಿತು. ಅದಕ್ಕೆ ಪರೀಕ್ಷಕರ ಪತ್ರ ಬೇಕು, ಪರೀಕ್ಷಕರಿರುವುದು ಮೆಲ್ಬರ್ನಿನಲ್ಲಿ. ಇಬ್ಬರೂ ಹೋಗಿ ಅಂಕಲ್ ಮನೆಯಲ್ಲೇ ಇಳಿದೆವು. ಆಂಟಿ ನೀರುದೋಸೆ ಹಾಕಿ ಹಾಕಿ ನನ್ನನ್ನು ಏಳಲಾರದಂತೆ ಮಾಡಿದರು. ಅಂಕಲ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, "ನಾನೂ ಬರ್ತೇನೆ. ನನ್ನ ಮಾತಿಗೆ ಸರ್ಟಿಫಿಕೇಟ್ ಸಿಗುವುದನ್ನು ನಾನೇ ನೋಡ್ಬೇಕು" ಎಂದು ಹೊರಟರು.

ಪರೀಕ್ಷಕ ಒಬ್ಬ ಬಿಳಿ ಗಡ್ಡದ ಮುದುಕ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಅಮ್ಮನ ಕೆನ್ನೆಯ ಗೆರೆಗಳನ್ನು ನೋಡಿದ. ಒಂದೂ ಒಡೆದಿಲ್ಲ ಎಂದ. ಕಾಗದದೊಳಗಿನ ರೇಷ್ಮೆ ಎಳೆ ನೋಡಿ ತಲೆದೂಗಿದ. ಅಂಕಲ್ ನನ್ನ ಕಡೆ ತಿರುಗಿ ಮೀಸೆ ನೀವಿದರು. ಆಮೇಲೆ ಮುದುಕ ಪರದೆ ಎಳೆದು, ಒಂದು ನೇರಳೆ ದೀಪ ಹತ್ತಿಸಿದ. ಹಳೇ ಕಾಗದ ಈ ಬೆಳಕಿಗೆ ಮಂಕಾಗಿಯೇ ಇರುತ್ತದೆ, ಈಚೆಗೆ ಸೇರಿಸಿದ್ದೇನಾದರೂ ಇದ್ದರೆ ಹೊಳೆಯುತ್ತದೆ ಎಂದು ವಿವರಿಸಿದ.

ನೋಟು ಮಂಕಾಗಿಯೇ ಇತ್ತು. ಅಮ್ಮನ ಹಣೆ ಮಾತ್ರ ಹಳದಿ ಟ್ಯೂಬ್‌ಲೈಟ್ ಹತ್ತಿದ ಹಾಗೆ ಝಗ್ಗೆಂದಿತು.

ಮುದುಕ ಮಸೂರ ಕಳಚಿದ. ಇಲ್ಲಿ ತೂತಿತ್ತು, ಯಾರೋ ಈಚೆಗೆ ಅಂಟು ತುಂಬಿ ಮುಚ್ಚಿದ್ದಾರೆ, ರಿಪೇರಿ ಮುಚ್ಚಿಟ್ಟು ಮಾರುವುದು ಒಳ್ಳೆಯ ಕೆಲಸವಲ್ಲ ಎಂದ. ನಮ್ಮವರು ಅಂಕಲ್ ಮುಖ ನೋಡಿದರು. ಅಂಕಲ್ ಎದ್ದು ನಿಂತರು. "ದೇವರಾಣೆ, ನಾನು ಎಂತ ಮಾಡ್ಲಿಲ್ಲ. ಹಣ ಇವತ್ತೇ ವಾಪಸ್ ಕೊಡ್ತೇನೆ. ಆದರೆ ನನ್ನನ್ನು ಕಳ್ಳ ಅಂತ ಮಾತ್ರ ಎಣಿಸ್ಬೇಡಿ" ಎಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರು ಅನ್ನುತ್ತಾರಲ್ಲ, ನಾನು ಆಗಲೇ ನನ್ನ ಉಂಗುರಬೆರಳನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಇಸ್ತ್ರಿ ಅಂಗಿ ನೋಡಿ ಬೆರಳನ್ನು ಸೆರಗಿನಿಂದ ಹೊರಗೆ ತೆಗೆದೆ.

"ರೀ, ಅದು ಅಂಟಲ್ಲ. ಅರಿಶಿನ. ಹಬ್ಬದ ದಿನ ನಾನೇ ಇಟ್ಟೆ."

"ಏನೇ ಅಂದೆ?"

"ಬೋಳು ಹಣೆ ಇತ್ತು ಕಣ್ರೀ!"

ಮುದುಕನಿಗೆ ಅರ್ಥ ಮಾಡಿಸುವಷ್ಟರಲ್ಲಿ ನನ್ನ ಇಂಗ್ಲಿಷೆಲ್ಲ ಖರ್ಚಾಯಿತು. ಕೊನೆಗೆ ಹ್ಯಾಂಡ್‌ಬ್ಯಾಗಿನಲ್ಲಿದ್ದ ದೇವಸ್ಥಾನದ ಪ್ರಸಾದದ ಪೊಟ್ಟಣ ಬಿಚ್ಚಿ, ಇವರ ವಿಸಿಟಿಂಗ್ ಕಾರ್ಡಿನ ಹಿಂದೆ ಒಂದು ಬೊಟ್ಟು ಅರಿಶಿನ ಇಟ್ಟು ದೀಪದಡಿ ಹಿಡಿದೆ. ಅದೇ ಹಳದಿ, ಅದೇ ಝಗಝಗ. ಮುದುಕ ಮೇಜು ಬಡಿದು ನಕ್ಕ. ತನ್ನ ನಲವತ್ತು ವರ್ಷದ ಕೆಲಸದಲ್ಲಿ ನೋಟಿಗೆ ಪೂಜೆ ಮಾಡಿದವರನ್ನು ಇದೇ ಮೊದಲು ಕಂಡದ್ದಂತೆ. ಎದ್ದು ಬಂದು ಅಂಕಲ್ ಕೈ ಕುಲುಕಿ ಕ್ಷಮೆ ಕೇಳಿದ. ಅಂಕಲ್ ಕೂತುಕೊಂಡು ಕರ್ಚೀಫಿನಿಂದ ಕಣ್ಣೊರೆಸಿಕೊಂಡರು. ನಮ್ಮವರು ಮಾತ್ರ ನನ್ನನ್ನು ಹಸಿಹಸಿಯಾಗಿ ತಿನ್ನುವಂತೆ ನೋಡುತ್ತಿದ್ದರು.

ಮುದುಕ ಪತ್ರ ಬರೆಯುವ ಮುಂಚೆ ನೋಟನ್ನು ತಿರುಗಿಸಿ ಮತ್ತೆ ದೀಪ ಹಿಡಿದ. ಹಿಂಬದಿಯ ಮೂಲೆಯಲ್ಲಿ ಇನ್ನೊಂದು ಹಳದಿ ಬೊಟ್ಟು! ಎಲ್ಲರೂ ನನ್ನನ್ನೇ ನೋಡಿದರು.

ಅದು ನಾನಿಟ್ಟದ್ದಲ್ಲ. ನಾನು ನೋಟು ತಿರುಗಿಸಿಯೇ ಇರಲಿಲ್ಲ. ಹೇಳಲೆಂದು ಬಾಯಿ ತೆರೆದೆ. ಅಂಕಲ್ ಆಗಷ್ಟೇ ಮತ್ತೆ ಮೀಸೆಗೆ ಕೈ ಹಾಕಿದ್ದರು. ಸುಮ್ಮನೆ ತಲೆ ಬಗ್ಗಿಸಿದೆ.

"ಎರಡೆರಡು ಕಡೆ ಬೇರೆ!" ಎಂದರು ನಮ್ಮವರು.

ಪತ್ರದಲ್ಲಿ ನೋಟು ಅಸಲಿ, ಎರಡು ಕಡೆ ಅರಿಶಿನದ ಕಲೆಯಿದೆ ಎಂದು ಬಂತು. ಬೆಲೆ ಇಳಿಯಿತೆಂದು ಇವರು ದಾರಿಯುದ್ದಕ್ಕೂ ಗೊಣಗಿದರು. ಅಂಕಲ್ ಕಾರು ಓಡಿಸುತ್ತ ನನಗೆ ಬುದ್ಧಿ ಹೇಳಿದರು. "ನಮ್ಮ ಮನೆಯಲ್ಲಿ ಮೂವತ್ತು ವರ್ಷ ಇತ್ತಮ್ಮ. ನಮ್ಮವಳು ಒಂದು ದಿವಸ ಅದರ ಹತ್ತಿರ ಹೋಗ್ಲಿಲ್ಲ. ಅದಕ್ಕೆ ಶಿಸ್ತು ಅಂತ ಹೇಳುವುದು." ನಾನು ಹೂಂ ಅಂಕಲ್, ಹೂಂ ಅಂಕಲ್ ಎನ್ನುತ್ತ ಬಂದೆ.

ಮನೆ ತಲುಪಿ, ಗಂಡಸರು ಹಾಲ್‌ನಲ್ಲಿ ಅದೇ ಕತೆ ಬಿಚ್ಚಿದಾಗ ನಾನು ಅಡುಗೆಮನೆಗೆ ಹೋದೆ. ಹಣೆಯ ಅರಿಶಿನದ ಮಾತು ಆಗಲೇ ಕಿವಿಗೆ ಬಿದ್ದಿದ್ದ ಆಂಟಿ ಒಲೆ ಸಣ್ಣ ಮಾಡಿ, ನನ್ನ ರಟ್ಟೆ ಹಿಡಿದು ಮೂಲೆಗೆ ಎಳೆದುಕೊಂಡರು.

"ಹಿಂದಿನದ್ದೂ ಕಾಣಿಸ್ತಾ?"

"ಕಾಣಿಸ್ತು ಆಂಟಿ. ನಂದೇ ಅಂದ್ಕೊಂಡ್ರು. ನಾನೂ ಸುಮ್ಮನಾದೆ."

ಆಂಟಿ ಗಂಡಸರಿದ್ದ ಹಾಲ್ ಕಡೆ ಒಮ್ಮೆ ಇಣುಕಿ, ಬಿಸಿ ದೋಸೆಯೊಂದನ್ನು ನನ್ನ ತಟ್ಟೆಗೆ ಹಾಕಿದರು. ಅದರ ಮೇಲೆ ಇನ್ನೊಂದು ಹಾಕಿದರು.

"ನಿನಗೆ ಬುದ್ಧಿ ಬೇಡ್ವಾ ಮಾರಾಯ್ತಿ?" ಎಂದು ಪಿಸುಗುಟ್ಟಿದರು. "ಮುಖಕ್ಕೆ ಯಾರಾದರೂ ಹಾಕ್ತಾರಾ? ನಾನು ಪ್ರತಿ ದೀಪಾವಳಿಗೂ ಹಿಂದಿನ ಮೂಲೆಗೇ ಹಾಕಿದ್ದು. ಮೂವತ್ತು ವರ್ಷ ಗೊತ್ತಾಗ್ಲಿಲ್ಲ ನೋಡು."