ಬಾಷಾ ಸರ್ ಅವರ ಸಿಟ್ಟು ಮತ್ತು ತೊಟ್ಟಿ ಕೋಣೆಯ ಕೀಲಿ

ಸಿಂಧನೂರು ಸೀಮೆಯಲ್ಲಿ ಔಷಧಶಾಸ್ತ್ರ ಓದಿದವರ ಪೈಕಿ ಡಾ. ಹುಸೇನಬಾಷಾ ಅವರ ಕೈಯಲ್ಲಿ ಪಳಗದವರು ವಿರಳ. ಅವರಿಂದ ಬೈಸಿಕೊಳ್ಳದವರಂತೂ ಇಲ್ಲವೇ ಇಲ್ಲ. ಗುರುಗುಂಟಾದಿಂದ ಬಂದು ಖಾಸಗಿ ಫಾರ್ಮಸಿ ಕಾಲೇಜೊಂದರಲ್ಲಿ ಮೂರು ದಶಕ ದುಡಿದ ಈ ಹಿರಿಯರನ್ನು ಮುಂಗೋಪಿ ಎಂದು ಆಡಿಕೊಂಡವರುಂಟು. ಆ ಕೋಪದ ಬೆಲೆ ಬಲ್ಲವಳು ಬಳಗಾನೂರಿನ ಮೆಹನಾಜ್. ಅಂದು ಅವರ ಶಿಷ್ಯೆ, ಇಂದು ಅದೇ ವಿಭಾಗದ ಅಧ್ಯಾಪಕಿ.

ಮರೆವಿನ ಕಾಯಿಲೆಯ ಮದ್ದೊಂದನ್ನು ಇಲಿಗಳ ಮೇಲೆ ಪರೀಕ್ಷಿಸುವುದು ಆಕೆಯ ಎಂ.ಫಾರ್ಮ್ ಪ್ರಬಂಧದ ವಿಷಯವಾಗಿತ್ತು. ಹಾಲಿನ ಪುಡಿ ಬೆರೆಸಿ ಮಬ್ಬಾಗಿಸಿದ ನೀರಿನ ತೊಟ್ಟಿಯಲ್ಲಿ ಬಿಟ್ಟ ಇಲಿ, ನೀರಿನಡಿ ಅಡಗಿರುವ ಪುಟ್ಟ ಕಟ್ಟೆಯನ್ನು ಈಜಿ ಹುಡುಕಬೇಕು. ಕಟ್ಟೆ ಕಣ್ಣಿಗೆ ಬೀಳದು; ಗೋಡೆಯ ಗುರುತುಗಳನ್ನು ನೆನಪಿಟ್ಟುಕೊಂಡೇ ಅದು ದಾರಿ ಕಲಿಯಬೇಕು. ಆದ್ದರಿಂದ ತೊಟ್ಟಿ ಕೋಣೆಯ ಗೋಡೆಯಲ್ಲಿದ್ದ ರೈಸ್ ಮಿಲ್ಲಿನ ಕ್ಯಾಲೆಂಡರನ್ನಾಗಲಿ, ಮಸ್ಕಿ ಸಂತೆಯಲ್ಲಿ ಕೊಂಡು ತೂಗುಹಾಕಿದ್ದ ಕೆಂಪು ಛತ್ರಿಯನ್ನಾಗಲಿ ಸರ್ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ತಾವೂ ಇಲಿಗಳಿಗೊಂದು ಗುರುತೆಂದು ದಿನವೂ ಒಂದೇ ಮೂಲೆಯಲ್ಲಿ ನಿಲ್ಲುತ್ತಿದ್ದರು.

ತಪಾಸಣಾ ತಂಡ ಬರುತ್ತದೆಂದು ಕಾಲೇಜಿನ ಆಡಳಿತ ಮಂಡಳಿಯ ಕಾರ್ಯದರ್ಶಿ ಸಂಗನಬಸವ ಅವರು ಹೇಳದೆ ಕೇಳದೆ ಆ ಕೋಣೆಗೆ ಸುಣ್ಣ ಹೊಡೆಸಿ, ಛತ್ರಿ, ಕ್ಯಾಲೆಂಡರುಗಳನ್ನು ಕಸಕ್ಕೆ ಹಾಕಿಸಿಬಿಟ್ಟರು. ಅದುವರೆಗೆ ನೆಟ್ಟಗೆ ಕಟ್ಟೆಗೆ ಈಜುತ್ತಿದ್ದ ಇಲಿಗಳು ಮರುದಿನ ಬೋಳು ಗೋಡೆಗಳ ನಡುವೆ ಗರಗರ ಸುತ್ತಿದವು. ಒಂದು ಮುಳುಗತೊಡಗಿದಾಗ ಸರ್ ಅಂಗಿಯ ತೋಳು ಸಮೇತ ಕೈ ಹಾಕಿ ಎತ್ತಿದರು. ಪ್ರಬಂಧ ಒಪ್ಪಿಸುವ ಗಡುವು ಹತ್ತಿರವಿದ್ದ ಮೆಹನಾಜಳಿಗೆ ಅಳುವೇ ಬಂತು.

“ಹಿಂದಿನ ಅಂಕಿನ ಹಾಕಿ ಮುಗಸ್ರಿ ಸರ್. ಇಲಿ ಏನ್ ಬಂದು ಸಾಕ್ಷಿ ಹೇಳ್ತಾವೇನು?” ಎಂದರು ಕಾರ್ಯದರ್ಶಿಗಳು.

“ಇಲಿ ಮರ್ತಿಲ್ರೀ, ದಾರಿ ಅಳಿಸಿದವ್ರು ನೀವು! ಸುಳ್ಳ ಅಂಕಿ ಬರದ್ರ ನಾಳೆ ಆ ಗುಳಿಗಿ ನುಂಗಾಕಿ ನಮ್ಮವ್ವ, ನಿಮ್ಮವ್ವ!” ಎಂದು ಸರ್ ಗುಡುಗಿದರು.

ಆ ಮಾತಿಗೆ ಸಿಕ್ಕ ಬಹುಮಾನವೆಂದರೆ, ಅವರಿಗೆ ಸಿಗಬೇಕಿದ್ದ ವಿಭಾಗದ ಮುಖ್ಯಸ್ಥರ ಕುರ್ಚಿ ಕಿರಿಯರೊಬ್ಬರ ಪಾಲಾಯಿತು. ಎಂಥ ನಾಚಿಕೆಗೇಡು! ಅಂಕಿ ತುಂಬಿದ್ದರೆ ಮುಗಿಯುತ್ತಿತ್ತಲ್ಲ ಎಂದು ಮೆಹನಾಜಳೂ ಅಂದು ಅವರ ಮೇಲೆ ಹಲ್ಲು ಕಡಿದಳು. ಆದರೆ ಹೊಸ ಇಲಿಗಳೊಂದಿಗೆ ಆಕೆ ಮೊದಲಿನಿಂದ ಶುರುಮಾಡಿದಾಗ, ರಜೆಯಲ್ಲೂ ಊರಿನಿಂದ ಲಿಂಗಸುಗೂರು ಬಸ್ಸಿನಲ್ಲಿ ಬಂದು ಆ ಮೂಲೆಯಲ್ಲಿ ನಿಂತವರು ಇದೇ ಸರ್. ಆಕೆಯ ಪದವಿ ತಡವಾಯಿತು, ಆದರೆ ಅದರಲ್ಲಿ ಸುಳ್ಳಿರಲಿಲ್ಲ.

ಕಳೆದ ತಿಂಗಳು ಸರ್ ನಿವೃತ್ತರಾದ ಬೀಳ್ಕೊಡುಗೆಯ ದಿನ, ಫೋಟೊ ಚೆನ್ನಾಗಿ ಬರಲೆಂದು ಅದೇ ಕೋಣೆಗೆ ಬಳಿಯಲು ಬಣ್ಣದ ಡಬ್ಬಿಗಳು ವರಾಂಡಕ್ಕೆ ಬಂದಿದ್ದವು. ಒಳಗೆ ಮೆಹನಾಜಳ ವಿದ್ಯಾರ್ಥಿಗಳ ಇಲಿಗಳು ಅರ್ಧ ದಾರಿ ಕಲಿತಿದ್ದವು. ವೇದಿಕೆಯಲ್ಲಿ ಶಾಲು ಹೊದಿಸಲು ಬಂದ ಸಂಗನಬಸವರ ಕೈಯನ್ನು ಸರ್ ತಡೆದರು.

“ಶಾಲು ಇರ್ಲಿ ರೀ. ಮೊದಲ ಆ ಖೋಲಿ ಕೀಲಿ ಮೆಹನಾಜ್ ಕೈಯಾಗ ಕೊಡ್ರಿ.”

ಕೀಲಿ ಬಂತು. ಆಮೇಲೆಯೇ ಅವರು ಶಾಲಿಗೆ ಹೆಗಲು ಕೊಟ್ಟರು.

ಗುರುಗಳಿಗೆ ಆಯುಷ್ಯ, ಆರೋಗ್ಯ ತುಂಬಿ ಬರಲಿ, ಇನ್ನಷ್ಟು ಶಿಷ್ಯರು ಅವರಿಂದ ಬೈಸಿಕೊಳ್ಳಲಿ. ಅವರ ಸಿಟ್ಟು ಮಾತ್ರ ಎಂದೂ ತಣ್ಣಗಾಗದಿರಲಿ; ಆ ಬಣ್ಣದ ಡಬ್ಬಿಗಳು ಇನ್ನೂ ವರಾಂಡದಲ್ಲೇ ಇವೆ.