ಮೇಲೆ ಗರುಡ, ಕಾಲಡಿ ಕಲ್ಲುಗೊರವ

ಕಳೆದ ಭಾನುವಾರ ಹರಿಹರದ ಹೊಳೆದಂಡೆಯಲ್ಲಿ ನಾನು ಒಂದು ಕೊಲೆ ಮಾಡುವುದರಲ್ಲಿದ್ದೆ. ಒಂದಲ್ಲ, ಎರಡು. ಅದೂ ಭಕ್ತಿಯಿಂದ ಕೈಮುಗಿದುಕೊಂಡು.

ಅಪರೂಪದ ದೊಡ್ಡ ಕಲ್ಲುಗೊರವ ಹೊಳೆಗೆ ಬಂದಿದೆ ಎಂದು ನಮ್ಮ ಹಕ್ಕಿ ನೋಡುವವರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಸುದ್ದಿ. ಬೂದು ಮೈ, ಉದ್ದ ಕಾಲು, ಗಾಬರಿಬಿದ್ದವರ ಹಾಗೆ ಅಗಲ ಕಣ್ಣು. ದಾವಣಗೆರೆಯಿಂದ ಮೊದಲ ಬಸ್ಸಿಗೇ ಹೊರಟೆ. ಹೊಸ ಲೆನ್ಸ್ ಬೇರೆ ಬಂದಿತ್ತು (ಮನೆಯಲ್ಲಿ ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ).

ಅರ್ಧ ಗಂಟೆ ಹುಡುಕಿದೆ. ಕಲ್ಲು ಕಂಡವು, ಗೊರವ ಕಾಣಲಿಲ್ಲ. ಅಷ್ಟರಲ್ಲಿ ನೆತ್ತಿಯ ಮೇಲೆ ಗರುಡ. ಬಿಳಿ ಕತ್ತು, ಕಂದು ರೆಕ್ಕೆ, ಆ ಗತ್ತು. ಭಾನುವಾರ ಗರುಡ ಕಂಡರೆ ಬಿಡುವುದುಂಟೆ? ಕೆನ್ನೆ ಬಡಿದುಕೊಂಡು, ಕೈಮುಗಿದು, ಇನ್ನೂ ಚೆನ್ನಾಗಿ ಕಾಣಲೆಂದು ಮುಖ ಮೇಲೆತ್ತಿಕೊಂಡೇ ಹಿಂದೆ ಹಿಂದೆ ಸರಿದೆ.

“ಸಾಹೇಬ್ರೆ, ನಿಂತಲ್ಲೇ ನಿಲ್ರಿ. ಹಿಂದಕ್ಕೆ ಕಾಲಿಡಬ್ಯಾಡ್ರಿ.”

ಕೂಗಿದ್ದು ಬೀಬಿಜಾನ್. ಮಂಡಕ್ಕಿ ಭಟ್ಟಿಯ ಚೀಲಗಳನ್ನು ಹೊಳೆಯಲ್ಲಿ ಒಗೆದು ಬಂಡೆಗಳ ಮೇಲೆ ಒಣಹಾಕುವ ಹೆಂಗಸು. ತಿರುಗಿ ನೋಡಿದರೆ ನನ್ನ ಹಿಮ್ಮಡಿಯಿಂದ ಗೇಣು ದೂರದಲ್ಲಿ, ಬರೀ ಬಂಡೆಯ ಮೇಲೆ, ಬಂಡೆಯದೇ ಬಣ್ಣದ ಎರಡು ಮೊಟ್ಟೆ. ಪಕ್ಕದಲ್ಲಿ ರೆಕ್ಕೆ ಅಗಲಿಸಿ ಬುಸುಗುಡುತ್ತ ನಿಂತಿತ್ತು ನಾನು ಹುಡುಕುತ್ತಿದ್ದ ಹಕ್ಕಿ.

“ಈ ಕಡೆ ಬರ್ರಿ. ನೀವು ಅಲ್ಲಿದ್ರೆ ಅದು ಕಾವಿಗೆ ಕೂರಂಗಿಲ್ಲ. ಮತ್ತೆ ನೀವು ಕೈ ಮುಗೀತಿದ್ರಲ್ಲ, ಆ ಗರುಡ ಬಂದಿರೋದೇ ಈ ಮೊಟ್ಟೆಗೆ.”

ನಾನು ಸರಿದದ್ದೇ ತಡ, ಗರುಡ ಇಳಿಯಿತು. ಗೊರವ ಓಡಲಿಲ್ಲ. ಕೊಕ್ಕು ತೆರೆದು ಎರಡು ಹೆಜ್ಜೆ ಮುಂದೆಯೇ ಬಂತು. ಗರುಡ ಒಂದು ಸುತ್ತು ಹಾಕಿತು, ಇನ್ನೊಂದು ಹಾಕಿತು, ಆಚೆ ದಂಡೆಗೆ ಹೋಯಿತು. ಕ್ಯಾಮೆರಾ ನನ್ನ ಕೊರಳಲ್ಲೇ ನೇತಾಡುತ್ತಿತ್ತು.

ಈಗ ಹೋಲಿಸಿ. ಗರುಡನಿಗೆ ಪುರಾಣವಿದೆ, ಗುಡಿಯಿದೆ, ಗುಡಿಯ ಮುಂದೊಂದು ಕಂಬವೂ ಇದೆ. ಗೊರವಕ್ಕೆ ಗೂಡೇ ಇಲ್ಲ. ಗರುಡನ ಮೇಲೆ ನನಗೇನೂ ಸಿಟ್ಟಿಲ್ಲ, ಅದರ ಹೊಟ್ಟೆಪಾಡು ಅದರದು. ಆದರೆ ಧೈರ್ಯದ ಮಾತು ಬಂದರೆ ನನ್ನ ವೋಟು ಕಲ್ಲುಗೊರವಕ್ಕೇ. ಎತ್ತರದಲ್ಲಿ ಹಾರುವವರೇ ದೊಡ್ಡವರೆಂದು ನಂಬಿ ನಾವು ಎಷ್ಟು ವರ್ಷ ಕತ್ತು ನೋಯಿಸಿಕೊಂಡೆವು?

ಬಿಸಿಲು ಚೆನ್ನಾಗಿ ಬೀಳುವ ಬಂಡೆ ಆ ಮೊಟ್ಟೆಯಿರುವುದೊಂದೇ. ಆದರೂ ಬೀಬಿಜಾನ್ ಎಂಟು ದಿನದಿಂದ ಅದರ ಮೇಲೆ ಚೀಲ ಹಾಕಿಲ್ಲ. ದನ ಬಂದರೆ ಅಟ್ಟುತ್ತಾರೆ, ನಾಯಿ ಬಂದರೆ ಗದರುತ್ತಾರೆ.

ನಾನು ಹದಿನೈದು ವರ್ಷದ ಬರ್ಡ್ ವಾಚರ್. ಜಂಬ ಸುಮ್ಮನಿರುತ್ತದೆಯೇ? “ಈ ಹಕ್ಕಿ ಹೆಸರು ಗೊತ್ತೇನಮ್ಮಾ?” ಎಂದೆ.

“ಹೆಸರು ಗೊತ್ತಿಲ್ರಿ. ಎಲ್ಲಿ ಕಾಲಿಡಬಾರದು ಅಂತ ಗೊತ್ತೈತೆ.”